ಶೇವಂತಾಬಾಯಿ ಕಾಯ್ದ ಸಮುದ್ರ

ಬೀದರಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ಊರಂಚಿನ ನೌಬಾದದ ಆ ಓಣಿಯಲ್ಲಿ ಸಮುದ್ರ ಕಂಡವರು ಹತ್ತಿಪ್ಪತ್ತು ಮಂದಿ ಇದ್ದರೆ ಹೆಚ್ಚು. ಅವರೂ ಮುಂಬೈಗೆ ದುಡಿಯಲು ಹೋಗಿ, ಯಾವುದೋ ಒಂದು ರವಿವಾರ ಚೌಪಾಟಿಯಲ್ಲಿ ಮೊಣಕಾಲ ತನಕ ನೆನೆದು ಬಂದವರು. ಶೇವಂತಾಬಾಯಿ ಮಾತ್ರ ಸಮುದ್ರವನ್ನು ಮನೆಗೇ ತಂದು ಕೂರಿಸಿದಳು. ಅದೂ ಎಂಥ ವರ್ಷ? ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ. ನೌಬಾದಕ್ಕೆ ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬಂದರೆ ಹಬ್ಬ ಎನ್ನುವಂಥ ವರ್ಷ.

ಅವಳ ಊರು ಭಾಲ್ಕಿ ತಾಲೂಕಿನ ಮೆಹಕರ. ಎರಡು ಸಾವಿರದ ಮೂರರಲ್ಲಿ ಬಾವಿಗಳ ತಳ ಕಂಡಿತು, ಅರ್ಧ ಊರು ಟೆಂಪೋ ಹತ್ತಿತು. ಆ ಟೆಂಪೋದಲ್ಲಿ ಗಂಡ ಪಂಢರಿಯ ಜೊತೆ ಶೇವಂತಾಬಾಯಿಯೂ ಇದ್ದಳು. ಮುಂಬೈಯ ಕುರ್ಲಾದಲ್ಲಿ ಪಂಢರಿ ಇಟ್ಟಿಗೆ ಹೊತ್ತ. ಅವಳಿಗೆ ಸಮುದ್ರದ ಮೀನು ಮಾರುವ ಅಂಗಡಿಯೊಂದರಲ್ಲಿ ಗಾಜು ಒರೆಸುವ ಕೆಲಸ ಸಿಕ್ಕಿತು. ತಿನ್ನುವ ಮೀನಲ್ಲ, ಸಾಕುವ ಮೀನು. ಗೋಡೆ ತುಂಬ ಗಾಜಿನ ಪೆಟ್ಟಿಗೆಗಳು, ಒಳಗೆ ಉಪ್ಪು ನೀರು, ಕಲ್ಲು, ಕಲ್ಲಿಗೆ ಅಂಟಿಕೊಂಡು ಉಸಿರಾಡುವ ಹವಳ.

ಅವಳಿಗೆ ಅಲ್ಲಿ ಯಾರೂ ಏನೂ ಕಲಿಸಲಿಲ್ಲ. ಸೇಠ್ ಗಿರಾಕಿಗಳಿಗೆ ಹೇಳುತ್ತಿದ್ದ, ಇವಳು ಅರಿವೆ ಹಿಡಿದು ಗಾಜು ತಿಕ್ಕುತ್ತ ಕೇಳುತ್ತಿದ್ದಳು. ನೀರು ತುಂಬಿದ ಮೇಲೆ ಒಂದು ತಿಂಗಳು ಬರೀ ಕಲ್ಲು ಇಡಬೇಕು, ಕಣ್ಣಿಗೆ ಕಾಣದ ಹುಳಗಳು ಆ ಕಲ್ಲಿನಲ್ಲಿ ಮನೆ ಮಾಡಿಕೊಂಡು ಮೀನಿನ ಹೊಲಸು ತಿನ್ನುವಷ್ಟು ಬೆಳೆಯಬೇಕು, ಆಮೇಲೆ ಮೀನು ಎಂದು ಸೇಠ್ ಹೇಳುತ್ತಿದ್ದ. ಗಿರಾಕಿ ಹೂಂ ಎನ್ನುತ್ತಿದ್ದ. ಎಂಟನೆಯ ದಿನ ಮೀನು ಒಯ್ಯುತ್ತಿದ್ದ. ಹತ್ತನೆಯ ದಿನ ಸತ್ತ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಜಗಳಕ್ಕೆ ಬರುತ್ತಿದ್ದ. ಮೀನು ನೀರಿನಿಂದ ಸಾಯುವುದಿಲ್ಲ, ಅವಸರದಿಂದ ಸಾಯುತ್ತದೆ ಎಂದು ಶೇವಂತಾಬಾಯಿಗೆ ಮೊದಲ ವರ್ಷವೇ ತಿಳಿದುಹೋಯಿತು.

ಬರಬರುತ್ತ ಸೇಠ್ ಉಪ್ಪು ಕಲಸಿದರೆ ನೀರಿನ ಉಪ್ಪು ಅಳೆಯುವ ಕೊಳವೆ ನೋಡುವ ಮೊದಲು ಇವಳ ಮುಖ ನೋಡುತ್ತಿದ್ದ. ಹವಳ ಮುದುಡಿದರೆ ಇವಳನ್ನು ಕರೆಯುತ್ತಿದ್ದ. ಆದರೆ ಗಿರಾಕಿಗಳ ಮುಂದೆ ಅವಳು ಕಡೆಯ ದಿನದ ತನಕ ‘ಸಫಾಯಿವಾಲಿ’ಯೇ. ಹನ್ನೊಂದು ವರ್ಷ. ಅಂಗಡಿಯ ಕಟ್ಟಡ ಕೆಡವಿ ಹೊಸದು ಕಟ್ಟುವವರು ಬಂದಾಗ ಸೇಠ್ ಒಂದು ಹಳೆಯ ದೀಪ, ಎರಡು ಪಂಪು, ಅಳತೆಯ ಕೊಳವೆ, ಎರಡು ಚೀಲ ಸಮುದ್ರದ ಉಪ್ಪು ಕೊಟ್ಟು ಕೈ ತೊಳೆದುಕೊಂಡ. ಗಂಡ ಹೆಂಡತಿ ಬೀದರಿಗೆ ಬಂದು ನೌಬಾದದಲ್ಲಿ ಎರಡು ಕೋಣೆಯ ಮನೆ ಹಿಡಿದರು. ಪಂಢರಿ ಆಟೋ ಓಡಿಸಿದ. ಅವಳು ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯಲು ನಿಂತಳು.

ರೊಟ್ಟಿ ಬಡಿಯುವುದು ಕೀಳು ಕೆಲಸವೆಂದು ಅವಳು ಎಂದೂ ಅಂದವಳಲ್ಲ. ಆದರೆ ತಲೆಯಲ್ಲಿ ಹನ್ನೊಂದು ವರ್ಷದ ವಿದ್ಯೆ ಇಟ್ಟುಕೊಂಡು ಬರೀ ಕೈ ಆಡಿಸುವುದು ಅವಳಿಗೆ ಒಗ್ಗಲಿಲ್ಲ.

ಎರಡು ಸಾವಿರದ ಹದಿನೈದರ ದೀಪಾವಳಿಯ ಹೊತ್ತಿಗೆ ಮೂರು ಫೂಟು ಉದ್ದದ ಗಾಜು ಕೊಯ್ಯಿಸಿ ತಂದು ತಾನೇ ಅಂಟಿಸಿದಳು. ಓಣಿಯ ಫಿಲ್ಟರ್ ನೀರಿನ ಘಟಕದಲ್ಲಿ ಮನೆಗೆ ದಿನಕ್ಕೊಂದು ಕ್ಯಾನು ಸಿಗುತ್ತಿತ್ತು. ಅದರಲ್ಲಿ ಅರ್ಧ ಉಳಿಸಿ, ಹನ್ನೆರಡು ದಿನ ಕೂಡಿಸಿ ಗಾಜಿನ ಪೆಟ್ಟಿಗೆ ತುಂಬಿದಳು. ಅಡುಗೆ ಉಪ್ಪು ನಡೆಯುವುದಿಲ್ಲ. ಚೀಲದ ಉಪ್ಪನ್ನೇ ಲೀಟರಿಗೆ ಇಷ್ಟು ಎಂದು ತೂಗಿ ಕಲಸಿದಳು. ಮುಂಬೈಯಿಂದ ಒದ್ದೆ ಪೇಪರಿನಲ್ಲಿ ಸುತ್ತಿ ತರಿಸಿದ ಕಲ್ಲು ಜೋಡಿಸಿದಳು. ಆಮೇಲೆ ಪೂರಾ ಒಂದೂವರೆ ತಿಂಗಳು ಸುಮ್ಮನೆ ಕೂತಳು. ನೋಡಲು ಬಂದವರಿಗೆ ಕಂದು ಹಿಡಿದ ಕಲ್ಲು, ಗುಳುಗುಳು ಎನ್ನುವ ನೀರು, ಅಷ್ಟೇ. ಮುಂಬೈ ನೀರು ಕುಡಿದು ಬಂದ ಹೆಂಗಸು ಕಲ್ಲು ಬೇಯಿಸಲಿಕ್ಕೆ ಹತ್ತಿದ್ದಾಳೆ ಎಂದು ಓಣಿ ನಕ್ಕಿತು. ನಗಲಿ ಎಂದು ಬಿಟ್ಟಳು. ಕಲ್ಲು ಹಸಿರಾದ ಮೇಲೆ ಬಸವನಹುಳ ಬಿಟ್ಟಳು, ಆಮೇಲೆ ಕೆಂಪು ಗೆರೆಯ ಒಂದು ಸೀಗಡಿ, ಆಮೇಲೆ ಕಿತ್ತಳೆ ಮೈಗೆ ಬಿಳಿ ಪಟ್ಟೆ ಇರುವ ಎರಡು ಮೀನು. ಸಂಕ್ರಾಂತಿ ಕಳೆದ ಮೇಲೆ ಹವಳ. ಸಮುದ್ರದಿಂದ ಕಿತ್ತು ತಂದ ಹವಳವಲ್ಲ, ಹಾಗೆ ಕೀಳುವುದು ಗುನ್ಹೆ ಎಂದು ಅವಳಿಗೆ ಗೊತ್ತು. ಅಂಗಡಿ ಹೋದ ಮೇಲೆ ಸೇಠ್ ಮನೆಗೆ ಒಯ್ದಿಟ್ಟುಕೊಂಡ ಹಳೆಯ ಪೆಟ್ಟಿಗೆಗಳಲ್ಲೇ ಮರಿ ಒಡೆದು ಬೆಳೆದಂಥವು. ಅಂಗಿಯ ಗುಂಡಿಯಂಥ ಹಸಿರು ಹೂಗಳ ಗೊಂಚಲು ಏಳು, ಅಣಬೆಯಂಥವು ನಾಲ್ಕು, ಬೆರಳಿನಂತೆ ಎದ್ದು ನಿಲ್ಲುವುದು ಒಂದು.

ಆಗ ನಗುವುದು ನಿಂತಿತು, ಕಣ್ಣು ಉರಿಯುವುದು ಸುರುವಾಯಿತು. ಬೇಸಿಗೆ ಬಲಿತಂತೆ ನೀರಿನ ಪಾಳಿಯಲ್ಲಿ ಮಾತು ಹೆಚ್ಚಿತು. ಎದುರು ಮನೆಯ ಕಾಂತಾಬಾಯಿ ಒಂದು ದಿನ ಎಲ್ಲರಿಗೂ ಕೇಳುವಂತೆ ಅಂದಳು: “ಮಂದಿಗಿ ಕುಡಿಲಾಕ ನೀರಿಲ್ಲ. ನಮ್ಮ ಓಣ್ಯಾಗ ಮೀನಿಗಿ ಈಸಲಾಕ ನೀರ ಅದ ನೋಡ್ರಿ.”

ಶೇವಂತಾಬಾಯಿ ಕ್ಯಾನು ಕೆಳಗಿಟ್ಟಳು. “ಕಾಂತಾಬಾಯಿ, ನಿನ್ನ ಕೂಲರ್ ಒಂದ ಮಧ್ಯಾಹ್ನ ಕುಡಿಯೋ ನೀರು ನನ್ನ ಸಮುದ್ರ ಒಂದ ವಾರ ಕುಡಿತದ. ಮೊದಲ ಅದರ ಬಾಯಿ ಮುಚ್ಚು, ಆಮ್ಯಾಲ ನನ್ನ ಮನಿಗಿ ಬಾ.”

ಮಾತು ಖರೆ. ಉಪ್ಪು ಆವಿಯಾಗುವುದಿಲ್ಲ, ನೀರಷ್ಟೇ ಹಾರುತ್ತದೆ. ಹಾರಿದಷ್ಟು ಸಿಹಿನೀರು ದಿನಾ ಮುಂಜಾನೆ ಹಾಕಿ, ಗಾಜಿನ ಮೇಲೆ ಎಳೆದ ಗೆರೆಗೆ ನೀರು ಮುಟ್ಟಿಸಿದರೆ ಆಯಿತು. ಎರಡು ತಂಬಿಗೆ, ಸೆಕೆ ಜಾಸ್ತಿಯಾದರೆ ಮೂರು. ನೀರಿನ ಮೇಲೆ ಸಣ್ಣ ಫ್ಯಾನು ಬೀಸುವಂತೆ ಕಟ್ಟಿದ್ದಳು, ಅದರ ಗಾಳಿಗೆ ನೀರು ತಂಪಾಗುತ್ತಿತ್ತು. ಕರೆಂಟು ಹೋದರೆ ಬ್ಯಾಟರಿಯ ಪಂಪು.

ಪಂಢರಿಗೆ ಹೆಮ್ಮೆ ತಡೆಯಲಾಗಲಿಲ್ಲ. ಆಟೋ ಹತ್ತಿದವರಿಗೆಲ್ಲ ಹೆಂಡತಿಯ ಸಮುದ್ರದ ಕಥೆ ಹೇಳುತ್ತಿದ್ದ. ಹಾಗೆ ಕೇಳಿದವರಲ್ಲಿ ಭಾಲ್ಕಿಯ ಹಲ್ಲಿನ ಡಾಕ್ಟರ್ ಗೋರಖನಾಥ ಒಬ್ಬರು. ತಮ್ಮ ದವಾಖಾನೆಯಲ್ಲಿ ಕೂತ ಪೇಶಂಟುಗಳ ಅಂಜಿಕೆ ಕಳೆಯಲಿ ಎಂದು ಹೈದರಾಬಾದದವರಿಂದ ಎರಡು ಸಲ ಇಂಥದ್ದನ್ನೇ ಮಾಡಿಸಿದ್ದರು. ಎರಡೂ ಸಲ ಸತ್ತಿತ್ತು. ಮಾರ್ಚಿನಲ್ಲಿ ನೌಬಾದಕ್ಕೆ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಮೆಚ್ಚಿದ್ದು ಮುಖದಲ್ಲಿ ಕಂಡಿತು, ಬಾಯಲ್ಲಿ ಬರಲಿಲ್ಲ. ಮಾರ್ಚಿನಲ್ಲಿ ಎಲ್ಲವೂ ಚೆಂದವೇ, ಬೇಸಿಗೆ ದಾಟಲಿ ಎಂದರು. ಮೃಗಶಿರಾ ಮಳೆ ಹೂಡುವ ಮಿರಗದ ದಿನ ಮತ್ತೆ ಬರುತ್ತೇನೆ, ಆಗಲೂ ಇದು ಜೀವಂತ ಇದ್ದರೆ ನನ್ನ ದವಾಖಾನೆಯ ಟ್ಯಾಂಕು ಕಟ್ಟುವುದೂ ನೋಡಿಕೊಳ್ಳುವುದೂ ನಿಮ್ಮ ಕೆಲಸ, ಭಾಲ್ಕಿಯಲ್ಲಿ ಇನ್ನಿಬ್ಬರು ಡಾಕ್ಟರರು ಕೇಳುತ್ತಿದ್ದಾರೆ ಎಂದು ಹೇಳಿ ಹೋದರು.

ಅಂದಿನಿಂದ ಶೇವಂತಾಬಾಯಿ ಜೂನ್ ಏಳರ ಮೇಲೆ ಕಣ್ಣಿಟ್ಟಳು. ಗಾಜು ಒರೆಸಿದ ಹೆಂಗಸು ನೀರು ಬಲ್ಲವಳು ಎಂದು ಒಬ್ಬ ಡಾಕ್ಟರ್ ಒಪ್ಪಿಕೊಂಡು ಕರೆಯುವ ದಿನ ಅದು.

ಮೇ ತಿಂಗಳ ನಡುವೆ ಔರಾದದಲ್ಲಿದ್ದ ಅಕ್ಕ ಮೀರಾಬಾಯಿ ಬಿದ್ದು ಕಾಲು ಮುರಿದುಕೊಂಡಳು. ಹೋಗಲೇಬೇಕು. ಐದು ದಿನದ ಮಟ್ಟಿಗೆ ಸಮುದ್ರವನ್ನು ಪಂಢರಿಯ ಕೈಗೆ ಒಪ್ಪಿಸಿ, ಗೆರೆ ತೋರಿಸಿ, ಮೀನಿಗೆ ಹಾಕುವ ಕಾಳು ಎಣಿಸಿ ಪುಡಿಕೆ ಕಟ್ಟಿಟ್ಟು, ಮತ್ತೇನೂ ಮಾಡಬೇಡಿ ಎಂದು ಹೇಳಿ ಬಸ್ಸು ಹತ್ತಿದಳು.

ಮತ್ತೇನೂ ಮಾಡಬೇಡ ಎಂದರೆ ಸುಮ್ಮನಿರುವ ಗಂಡಸು ಎಲ್ಲಿದ್ದಾನೆ? ನಾಲ್ಕನೆಯ ದಿನ ಮುಂಜಾನೆ ಪಂಢರಿಗೆ ಗಾಜಿನ ಒಳಮೈ ಮೇಲೆ ಹಸಿರು ಪಾಚಿ ಕಂಡಿತು. ನಾಳೆ ಹೆಂಡತಿ ಬರುತ್ತಾಳೆ, ಅಷ್ಟರಲ್ಲಿ ಲಕಲಕ ಮಾಡಿಟ್ಟರೆ ಖುಷಿಯಾಗುತ್ತಾಳೆ ಎಂದುಕೊಂಡ. ಪಾಚಿಗೆ ಮದ್ದು ಅವನಿಗೆ ಗೊತ್ತಿತ್ತು. ಮೆಹಕರದಲ್ಲಿ ದನ ನೀರು ಕುಡಿಯುವ ಸಿಮೆಂಟಿನ ಬಾನಿಗೆ ಪಾಚಿ ಕಟ್ಟಿದರೆ ಅಪ್ಪ ಒಂದು ಚೂರು ಮೈಲುತುತ್ತವನ್ನು ಅರಿವೆಯಲ್ಲಿ ಕಟ್ಟಿ ಅದ್ದುತ್ತಿದ್ದ. ಎರಡು ದಿನದಲ್ಲಿ ಬಾನಿ ಕನ್ನಡಿಯಾಗುತ್ತಿತ್ತು. ಮೈಲುತುತ್ತ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ಮನೆಯ ಅಬ್ದುಲ ಗಫೂರ ಬಿದ್ರಿ ಕೆಲಸದವರು. ಎರಕ ಹೊಯ್ದ ಹೂದಾನಿಗೆ ಮೈಲುತುತ್ತದ ನೀರು ಬಳಿದು ಕಪ್ಪು ಮಾಡಿಕೊಂಡರೆ ಕೊರೆದ ಗೆರೆ ಬೆಳ್ಳಗೆ ಕಾಣುತ್ತದೆ, ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಬಹುದು. ಗಫೂರರ ಪಡಸಾಲೆಯಲ್ಲಿ ಅದು ಡಬ್ಬಿಗಟ್ಟಲೆ. ಪಾಚಿಗೆ ಎಂದು ಕೇಳಿದ, ಅವರು ಎರಡು ಹರಳು ಕೊಟ್ಟರು. ಅರಿವೆಯಲ್ಲಿ ಕಟ್ಟಿ ಒಂದು ತಾಸು ಅದ್ದಿ ತೆಗೆದ.

ಮರುದಿನ ಮಧ್ಯಾಹ್ನ ಶೇವಂತಾಬಾಯಿ ಬಂದಳು. ಚೀಲ ಇನ್ನೂ ಹೆಗಲ ಮೇಲಿತ್ತು, ಕಣ್ಣು ಗಾಜಿಗೆ ಹೋಯಿತು. ಬಸವನಹುಳಗಳು ಮಗುಚಿ ಬಿದ್ದಿದ್ದವು. ಸೀಗಡಿ ಮೂಲೆಯಲ್ಲಿ ಸತ್ತು ಬೆಳ್ಳಗಾಗಿತ್ತು. ಹವಳ ಎಲ್ಲ ಮುಷ್ಟಿ ಮುಚ್ಚಿದ ಹಾಗೆ ಮುಚ್ಚಿಕೊಂಡಿದ್ದವು. ಮೀನೆರಡೂ ಆರಾಮಾಗಿ ಓಡಾಡುತ್ತ ಊಟ ಕೇಳಲು ಮೇಲೆ ಬಂದವು. ಮೀನು ಆಡುತ್ತಿವೆ, ಎಲ್ಲ ಚೆನ್ನಾಗಿದೆ ಎಂದು ಪಂಢರಿ ಹೇಳುತ್ತಲೇ ಇದ್ದ.

ಅವಳು ಕೂತಳು. ಹಳೆಯ ಅಂಗಡಿಯಲ್ಲಿ ಬೇನೆ ಬಿದ್ದ ಮೀನಿಗೆಂದೇ ಒಂದು ಪೆಟ್ಟಿಗೆ ಮೂಲೆಯಲ್ಲಿ ಇರುತ್ತಿತ್ತು. ಅದಕ್ಕೆ ತಾಮ್ರದ ನೀಲಿ ಔಷಧ ಹಾಕುತ್ತಿದ್ದರು. ಅದರ ಬಲೆ ಬೇರೆ, ಬಕೆಟ್ಟು ಬೇರೆ. ಒಮ್ಮೆ ಹೊಸ ಆಳು ಆ ಬಲೆಯನ್ನು ಹವಳದ ನೀರಿಗೆ ಅದ್ದಿದಾಗ ಹೀಗೇ ಆಗಿತ್ತು. ಎಲುಬಿದ್ದವು ಬದುಕಿದ್ದವು, ಎಲುಬಿಲ್ಲದವು ಸತ್ತಿದ್ದವು. ಸೆಕೆಗೆ ಸತ್ತರೆ ಮೀನೂ ಸಾಯಬೇಕಿತ್ತು. ಕರೆಂಟು ಹೋಗಿ ಸತ್ತರೂ ಮೀನೇ ಮೊದಲು. ಇದು ತಾಮ್ರ.

“ಮೋರಚೂದ ಎಲ್ಲಿಂದ ತಂದ್ರಿ?” ಎಂದಳು.

ಪಂಢರಿ ಬೆಪ್ಪಾದ. ಮೋರಚೂದವೆಂದರೆ ಮೈಲುತುತ್ತವೇ, ಅದರ ಹೆಸರು ಅವನು ಎತ್ತಿರಲೇ ಇಲ್ಲ. “ನಿನಗ ಯಾರು ಹೇಳಿದ್ರು?”

“ಸತ್ತವು ಹೇಳಿದವು.”

ಆಮೇಲೆ ಅವಳು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಅವನ ವಂಶ ಜಾಲಾಡಿದಳು. ಅದು ಇಲ್ಲಿ ಬೇಡ. ಐದು ನಿಮಿಷದಲ್ಲಿ ಮುಗಿಸಿದಳು, ಏಕೆಂದರೆ ಬೈಯುವುದಕ್ಕೂ ಹೊತ್ತಿರಲಿಲ್ಲ. ಅಳುವುದಕ್ಕಂತೂ ಇಲ್ಲವೇ ಇಲ್ಲ.

ಗಾಜಿನ ಪೆಟ್ಟಿಗೆ ಕೆಟ್ಟಿತು, ಇನ್ನು ಹವಳಕ್ಕೆ ಅದು ಆಗದು. ತಾಮ್ರ ಕಲ್ಲಿನಲ್ಲೂ ಗಾಜಿನ ಅಂಟಿನಲ್ಲೂ ಇಂಗಿ ಕೂತು ವರ್ಷಗಟ್ಟಲೆ ಸೋರುತ್ತದೆ. ನೀರು ಬದಲಿಸಿ ಬದಲಿಸಿ ತೊಳೆಯೋಣವೆಂದರೆ ಈ ಬರದಲ್ಲಿ ನೂರಾರು ಲೀಟರು ಯಾರ ಬಾಯಿಂದ ಕಿತ್ತು ತರುವುದು? ಹಾಗೆ ತರುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಆ ದಿನದ ಒಂದು ಕ್ಯಾನು ಇತ್ತು. ಇಪ್ಪತ್ತು ಲೀಟರು. ಇಪ್ಪತ್ತು ಲೀಟರಿನಲ್ಲಿ ಏನು ಉಳಿಯುತ್ತದೋ ಅದನ್ನು ಉಳಿಸಬೇಕು. ಹೊಸ ಪ್ಲಾಸ್ಟಿಕ್ ಟಬ್ಬಿಗೆ ಅಷ್ಟೂ ನೀರು ಸುರಿದು, ಉಪ್ಪು ತೂಗಿ, ಪಂಪು ಬಿಟ್ಟಳು. ಕಲಸಿದ ನೀರನ್ನು ಒಂದು ದಿನ ಬಿಡಬೇಕು, ಎರಡು ತಾಸು ಬಿಟ್ಟಳು.

ಹವಳವನ್ನು ವಿಷದ ಕಲ್ಲಿನ ಸಮೇತ ತರುವಂತಿಲ್ಲ, ಕಲ್ಲಿನಿಂದ ಬಿಡಿಸಬೇಕು. ಕತ್ತಿಯಿಂದ ಬಿಡಿಸಿದರೆ ಬುಡ ಹರಿಯುತ್ತದೆ. ಅಷ್ಟರಲ್ಲಿ ಸುದ್ದಿ ತಿಳಿದು ಅಬ್ದುಲ ಗಫೂರ ಬಾಗಿಲಲ್ಲಿ ನಿಂತಿದ್ದರು. ಅರವತ್ತು ದಾಟಿದ ಮನುಷ್ಯ, ಮುಖ ಸಣ್ಣದು ಮಾಡಿಕೊಂಡಿದ್ದರು.

“ಕೊಟ್ಟ ಕೈ ನಂದು, ಬೇಟಿ,” ಅಂದರು.

“ಹಂಗಾದ್ರ ಆ ಕೈ ತೊಳಕೊಂಡ ಬರ್ರಿ, ಚಾಚಾ. ಹೊಸಾ ಕಲಮ ತರ್ರಿ, ಕೆಲಸಕ್ಕ ಹಚ್ಚಲಾರದ್ದು.”

ಬಿದ್ರಿಯವರು ಕಲಮ ಎನ್ನುವುದು ಗೆರೆ ಕೊರೆಯುವ ಸಣ್ಣ ಉಕ್ಕಿನ ಉಳಿ. ಗಫೂರರು ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದರು, ಕಾರಖಾನೆಯ ಅಂಗಿ ಕಳಚಿ ಬೇರೆ ಹಾಕಿಕೊಂಡು ಬಂದರು. ಗುಂಡಿಯಂಥ ಹವಳದ ರಸ ಕಣ್ಣಿಗೆ ಸಿಡಿದರೆ ಕೆಡಕು ಎಂದು ಶೇವಂತಾಬಾಯಿ ಅವರಿಗೆ ರಬ್ಬರ್ ಕೈಗವಸು ಹಾಕಿಸಿದಳು, ಪಂಢರಿಯ ಕಪ್ಪು ಕನ್ನಡಕ ಏರಿಸಿದಳು. ಮುದುಕ ಸಿನಿಮಾದ ಖಳನಂತೆ ಕಾಣುತ್ತಿದ್ದರು, ನಗುವವರು ಯಾರೂ ಇರಲಿಲ್ಲ. ಅವಳು ಕಲ್ಲು ಹಿಡಿದಳು, ಅವರು ಕಲಮ ಇಟ್ಟರು. ನಲವತ್ತು ವರ್ಷ ಕೂದಲೆಳೆಯಂಥ ಗೆರೆ ಕೊರೆದ ಕೈ ಅದು. ಬುಡದ ಕೆಳಗೆ ಪಾಪಡದಂಥ ಕಲ್ಲಿನ ತೆಳು ಚಕ್ಕೆ ಮಾತ್ರ ಎದ್ದು ಬರುವ ಹಾಗೆ, ಹವಳಕ್ಕೆ ಗೀರೂ ಬೀಳದ ಹಾಗೆ ಒಂದೊಂದನ್ನೇ ಬಿಡಿಸಿಕೊಟ್ಟಿತು. ಅವಳು ಆ ಪಾಪಡವನ್ನೂ ಕೆರೆದು ತೆಗೆದು, ಟಬ್ಬಿನಿಂದ ಮಗ್ಗಿನಲ್ಲಿ ತೆಗೆದ ಉಪ್ಪು ನೀರಿನಲ್ಲಿ ಜಾಲಿಸಿ, ತೊಳೆದ ಬಿಳಿ ಹಂಚಿನ ಚೂರುಗಳ ಮೇಲೆ ಕೂರಿಸಿ ಟಬ್ಬಿಗೆ ಇಳಿಸಿದಳು. ಮೀನಿಗೆ ಆ ಮಟ್ಟದ ತಾಮ್ರ ಏನೂ ಮಾಡದು, ಅವು ಹಳೆಯ ಪೆಟ್ಟಿಗೆಯಲ್ಲೇ ಉಳಿದವು.

ಆ ದಿನ ಮನೆಯಲ್ಲಿ ಕುಡಿಯಲು ನೀರಿರಲಿಲ್ಲ. ಗಫೂರರ ಹೆಂಡತಿ ಹಮೀದುನ್ನಿಸಾ ಒಂದು ಬಿಂದಿಗೆ ಕೊಟ್ಟಳು. ಎದುರು ಮನೆಯ ಕಾಂತಾಬಾಯಿ ಹೊಸ್ತಿಲಲ್ಲಿ ನಿಂತು ಎಲ್ಲ ನೋಡಿದಳು. ತನ್ನ ಕ್ಯಾನು ಸುರಿದು, ಕುಡಿಯುವ ನೀರಿಗೆ ಪಕ್ಕದ ಮನೆಗೆ ಕೈ ಒಡ್ಡಿದ್ದನ್ನೂ ನೋಡಿದಳು.

ಇನ್ನು ಸೆಕೆ. ಟಬ್ಬು ಸಣ್ಣದು, ಬೇಗ ಕಾಯುತ್ತದೆ. ನಮ್ಮ ಕಡೆ ಕುಡಿಯುವ ನೀರಿನ ಗಡಿಗೆಯನ್ನು ಒದ್ದೆ ಮರಳಿನಲ್ಲಿ ಕೂರಿಸುತ್ತಾರಲ್ಲ, ಅವಳು ಟಬ್ಬನ್ನೂ ಹಾಗೇ ಕೂರಿಸಿದಳು. ಮರಳು ನೆನೆಸಲು ಪಾತ್ರೆ ತೊಳೆದ ನೀರು, ಮೈ ತೊಳೆದ ನೀರು. ಮುಂಬೈಯ ಯಾವ ಅಂಗಡಿಯಲ್ಲೂ ಇಂಥದ್ದನ್ನು ಅವಳು ಕಂಡಿರಲಿಲ್ಲ. ಹೊರಗೆ ನಲವತ್ತೊಂದು ಡಿಗ್ರಿ ಇದ್ದಾಗ ಟಬ್ಬಿನಲ್ಲಿ ಇಪ್ಪತ್ತೇಳು. ದಿನಾ ಎರಡು ಲೀಟರು ತೆಗೆದು ಎರಡು ಲೀಟರು ಹೊಸದು ಹಾಕುತ್ತಿದ್ದಳು. ನಾಲ್ಕನೆಯ ದಿನ ಕಾಂತಾಬಾಯಿ ಬಂದು, ತೆಗೆದ ಉಪ್ಪು ನೀರು ಏನು ಮಾಡುತ್ತೀ ಎಂದು ಕೇಳಿದಳು.

“ಚೆಲ್ತೇನಿ. ಯಾಕ?”

“ನಮ್ಮ ಗ್ವಾಡಿ ಬುಡಕ್ಕ ಕಾಂಗ್ರೆಸ್ ಕಸ ಬೆಳದದ. ಅದಕ್ಕ ಹಾಕು, ಸುಟ್ಟ ಹೋಗ್ಲಿ. ಸಮುದ್ರದ್ದು ನಮಗೂ ಒಂದಿಷ್ಟು ಉಪಯೋಗ ಆಗ್ಲಿ.”

ಅದು ಕಾಂತಾಬಾಯಿಯ ರಾಜಿ. ಅದಕ್ಕಿಂತ ಮೆತ್ತಗೆ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ.

ಬೆರಳಿನ ಹವಳ ಐದನೆಯ ದಿನ ಕರಗಿಹೋಯಿತು. ಗುಂಡಿಯ ಗೊಂಚಲು ಮೂರು ಕೊಳೆತವು, ಅವನ್ನು ಕೂಡಲೇ ಎತ್ತಿ ಬಿಸಾಡಿದಳು. ಒಂಬತ್ತನೆಯ ದಿನ ಮುಂಜಾನೆ ಒಂದು ಅಣಬೆ ಅಂಚು ಬಿಚ್ಚಿತು. ಹನ್ನೆರಡನೆಯ ದಿನ ಗುಂಡಿಗಳು ಒಂದೊಂದಾಗಿ ಕಣ್ಣು ತೆರೆದವು. ಪಂಢರಿ ಆ ಹನ್ನೆರಡು ದಿನ ಟಬ್ಬಿನ ಸುತ್ತ ಒಂದು ಮಾರು ಬಿಟ್ಟೇ ಓಡಾಡಿದ.

ಮಿರಗ ಬಂತು. ಮಳೆ ಬರಲಿಲ್ಲ, ಡಾಕ್ಟರ್ ಬಂದರು. ಕರೆಂಟು ಹೋಗಿ ಹೀಗಾಯಿತು ಎಂದು ಹೇಳು ಎಂದು ಪಂಢರಿ ಎರಡು ದಿನದಿಂದ ಬೇಡಿಕೊಂಡಿದ್ದ. ಗೋರಖನಾಥರು ಗಾಜಿನ ಪೆಟ್ಟಿಗೆಯಲ್ಲಿ ಬೋಳು ಕಲ್ಲು, ಎರಡು ಮೀನು ನೋಡಿದರು. ಮರಳಿನಲ್ಲಿ ಕೂತ ಪ್ಲಾಸ್ಟಿಕ್ ಟಬ್ಬು ನೋಡಿದರು. ಶೇವಂತಾಬಾಯಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಗಂಡ ಮೈಲುತುತ್ತ ಹಾಕಿದ್ದು, ಏನೇನು ಸತ್ತದ್ದು, ಏನು ಉಳಿದದ್ದು, ಎಲ್ಲ. ಪಂಢರಿ ಗೋಡೆ ನೋಡುತ್ತ ನಿಂತ.

“ಅಂದ್ರ ನಿಮ್ಮ ಮನ್ಯಾಗೂ ಉಳೀಲಿಲ್ಲ ಅಂದಂಗ ಆತು,” ಎಂದರು ಡಾಕ್ಟರ್.

“ಗಾಜ ಹೋತ್ರಿ. ಜೀವ ಉಳದಾವ, ಟಬ್ಬಿನ್ಯಾಗ ಬಗ್ಗಿ ನೋಡ್ರಿ. ನಿಮ್ಮಲ್ಲಿ ಸತ್ತಾಗ ಹೈದರಾಬಾದದವರು ಯಾಕ ಸತ್ತವಂತ ಹೇಳಿದ್ರೇನ್ರಿ?”

“ಭಾಲ್ಕಿ ಬಿಸಲಿಗಿ ಅಂದ್ರು.”

“ಮೊದಲ ಯಾವು ಸತ್ತವು?”

ಡಾಕ್ಟರ್ ನೆನಪು ಮಾಡಿಕೊಂಡರು. ಬಸವನಹುಳ ಮೊದಲು. ಆಮೇಲೆ ಹವಳ. ಮೀನು ಮಾತ್ರ ಕಡೆಯ ತನಕ ಇದ್ದವು, ಆಮೇಲೆ ಯಾರಿಗೋ ಕೊಟ್ಟುಬಿಟ್ಟರಂತೆ. ಎರಡೂ ಸಲ ಹಾಗೇ.

ಶೇವಂತಾಬಾಯಿ ಕೇಳಿದಳು: “ದಿನಾ ನೀರ ಯಾವ ಭಾಂಡ್ಯಾಗ ತಂದ ಹಾಕ್ತಿದ್ರಿ?”

“ಮನ್ಯಾಗಿಂದು. ರಾತ್ರಿ ತುಂಬಿಟ್ಟಿದ್ದು. ನಮ್ಮ ಅವ್ವ ಹೇಳಿದ್ಲು, ಜೀವ ಇರೂ ನೀರಿಗಿ ಶುದ್ಧ ನೀರೇ ಹಾಕ್ರಿ ಅಂತ, ತಾಮ್ರದ ಹಂಡ್ಯಾ...” ಡಾಕ್ಟರ್ ಅಲ್ಲಿಗೇ ನಿಲ್ಲಿಸಿದರು. ಗಾಜಿನ ಪೆಟ್ಟಿಗೆಯ ಬೋಳು ಕಲ್ಲುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಪ್ಯಾಂಟಿನ ಮಡಿಕೆ ಕೆಟ್ಟರೂ ಲೆಕ್ಕಿಸದೆ ನೆಲಕ್ಕೆ ಕೂತು ಟಬ್ಬಿನೊಳಗೆ ಬಗ್ಗಿದರು. ಹಸಿರು ಗುಂಡಿಗಳು ತೆರೆದುಕೊಂಡು ನೀರಿನಲ್ಲಿ ತೂಗುತ್ತಿದ್ದವು.

ತಲೆ ಎತ್ತದೆಯೇ ಕೇಳಿದರು: “ಯಾವಾಗ ಬರ್ತೀರಿ?”

ಪಂಢರಿ ನಾಳೆಯೇ ಎನ್ನಲು ಬಾಯಿ ತೆರೆದ. ಶೇವಂತಾಬಾಯಿ ಅವನ ಕಡೆ ನೋಡಿದಳು, ಬಾಯಿ ಮುಚ್ಚಿತು.

“ಹಳೀ ಗಾಜು, ಹಳೀ ಕಲ್ಲು ತಗೀರಿ, ಅದರಾಗ ತಾಮ್ರ ಕುಂತದ. ಹೊಸಾ ಗಾಜು ನಾ ಕೊಯ್ಸಿ ತರ್ತೇನಿ. ಮಳಿ ಬಿದ್ದು ನೀರ ಸಿಕ್ಕ ಮ್ಯಾಲ ತುಂಬೂದು, ಈಗಲ್ಲ. ತುಂಬಿದ ಮ್ಯಾಲ ತಿಂಗಳೊಪ್ಪತ್ತು ಬರೇ ಕಲ್ಲ ಇರ್ತಾವ. ಪೇಶಂಟ್ ಮಂದಿ ನಗ್ತಾರ. ತಡಕೊಳ್ತೀರೇನು?”

ತಡೆದುಕೊಳ್ಳುತ್ತೇನೆ ಎಂದರು ಡಾಕ್ಟರ್.

ಆ ವರ್ಷ ಮಳೆ ತಡವಾಗಿ ಬಂದರೂ ಹಿಡಿದು ಹೊಡೆಯಿತು. ಶ್ರಾವಣದಲ್ಲಿ ಶೇವಂತಾಬಾಯಿ ಖಾನಾವಳಿಗೆ ರಜೆ ಹೇಳಿ, ಉಪ್ಪಿನ ಚೀಲ ತಲೆಯ ಮೇಲೆ ಹೊತ್ತು ಭಾಲ್ಕಿಯ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ಕಂಪೌಂಡರ್ ಅವಳನ್ನು ಕಂಡು, ಪಾಯಖಾನೆ ಆ ಕಡೆ ಇದೆ, ಮೊದಲು ಅದನ್ನು ತೊಳಿ ಎಂದ. ಒಳಗಿನಿಂದ ಗೋರಖನಾಥರು ಕೇಳಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವಳೇ ಚೀಲ ಇಳಿಸಿ ಉತ್ತರ ಕೊಟ್ಟಾಗಿತ್ತು: ನಾನು ನೀರಿನವಳು, ನನ್ನ ಹೆಸರು ಶೇವಂತಾಬಾಯಿ, ನಾನು ಹೇಳುವ ತನಕ ಈ ನೀರಿಗೆ ನೀನು ಕೈ ಅದ್ದುವಂತಿಲ್ಲ.

ಕಂಪೌಂಡರ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವಳು ತೋಳು ಮಡಿಸಿ ಉಪ್ಪು ತೂಗಲು ಕೂತಳು.